ಹುಟ್ಟೂರು ಮರೆತ ಕಾರು

ಧನು ತಿಂಗಳು ಕಾಲಿಟ್ಟಿತೆಂದರೆ ನಮ್ಮ ಗಡಿನಾಡಿನ ಮನೆಗಳ ಬೆಳಗು ಬೇರೆಯೇ ಆಗುತ್ತದೆ. ದೇವಸ್ಥಾನದಿಂದ ಧನುಪೂಜೆಯ ಗಂಟೆ ಕೇಳಿಸುವಾಗ ಹೊರಗೆ ಇನ್ನೂ ಕತ್ತಲೆ. ತೋಟದ ಮೇಲೆ ಮಂಜು, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಬಚ್ಚಲ ಒಲೆಯಿಂದ ಏಳುವ ಹೊಗೆ. ಮಡಿಕೇರಿಯವರೋ ಊಟಿಯವರೋ ಕೇಳಿದರೆ ‘ಇದೂ ಒಂದು ಚಳಿಯೇ?’ ಎಂದು ನಕ್ಕಾರು. ಒಂಬತ್ತು ಗಂಟೆಗೆ ಬಿಸಿಲು ಚುರುಕಾಗುವ ಈ ಚಳಿಗೆ ಒಂದು ಹತ್ತಿಯ ಹೊದಿಕೆ ಸಾಕು. ಆದರೆ ಈ ಅಲ್ಪ ಚಳಿ ಮತ್ತು ಅದರ ಜತೆಗೆ ಬೀಳುವ ಇಬ್ಬನಿ ಮನುಷ್ಯರಿಗಿಂತ ಹೆಚ್ಚಾಗಿ ಕಾಡುತ್ತಿದ್ದುದು ಕಾರುಗಳನ್ನು.

ನಲುವತ್ತು ದಾಟಿದ ಓದುಗರಿಗೆ ನೆನಪಿದ್ದೀತು. ಪೇಟೆಯ ಕಾರ್ ಸ್ಟ್ಯಾಂಡಿನಲ್ಲಿ ಸಾಲಾಗಿ ನಿಂತ ಅಂಬಾಸಿಡರ್ ಕಾರುಗಳು ಮುಂಜಾನೆ ಒಂದೇ ಸಲಕ್ಕೆ ಎದ್ದು ಹೊರಟದ್ದು ಅಪರೂಪ. ಶಬರಿಮಲೆಗೆ ಹೊರಟ ಸ್ವಾಮಿಗಳು ಇರುಮುಡಿ ಹಿಡಿದು ಕಾಯುತ್ತಿರುತ್ತಿದ್ದರು. ಡ್ರೈವರು ಚೋಕ್ ಎಳೆದು ಸ್ಟಾರ್ಟರ್ ಒತ್ತಿದರೆ ಕಾರು ನಾಲ್ಕು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಆಮೇಲೆ ಡಿಕ್ಕಿಯಿಂದ ಉದ್ದನೆಯ ಹ್ಯಾಂಡಲ್ ಹೊರಬರುತ್ತಿತ್ತು. ಮುಂದಿನ ಬಂಪರಿನ ತೂತಿಗೆ ಅದನ್ನು ತೂರಿಸಿ ತಿರುಗಿಸುವುದು, ಅದಕ್ಕೂ ಬಗ್ಗದಿದ್ದರೆ ಸ್ವಾಮಿಗಳೇ ಹಿಂದಿನಿಂದ ದೂಡುವುದು. ಕಾರು ಎದ್ದಾಗ ‘ಸ್ವಾಮಿಯೇ ಶರಣಮಯ್ಯಪ್ಪ’ ಎಂಬ ಕೂಗಿನಲ್ಲಿ ಭಕ್ತಿ ಎಷ್ಟು, ಸಮಾಧಾನ ಎಷ್ಟು ಎಂದು ಹೇಳುವುದು ಕಷ್ಟವಿತ್ತು.

ಈ ಕಾರಿನ ಚರಿತ್ರೆಯನ್ನು ಇಲ್ಲಿ ಬರೆಯಲು ಎರಡು ಕಾರಣಗಳಿವೆ. ಒಂದು, ನಮ್ಮ ಮನೆಯ ಕೊಟ್ಟಿಗೆಯಲ್ಲಿ ಅಂಥದೊಂದು ಕಾರು ಇದೆ. ಕೆಲವು ವರ್ಷಗಳಿಂದ ನನ್ನ ಚಳಿಗಾಲದ ಆದಿತ್ಯವಾರಗಳೆಲ್ಲ ಅದಕ್ಕೇ ಸಂದಿವೆ. ಇನ್ನೊಂದು, ಹುಟ್ಟಿದ ನಾಡು ಮರೆತ ವಸ್ತುವೊಂದು ದೂರದ ನಾಡಿನಲ್ಲಿ ಐವತ್ತಕ್ಕೂ ಹೆಚ್ಚು ವರ್ಷ ಹೇಗೆ ಬದುಕಿತು, ಕೊನೆಗೆ ಯಾಕೆ ಸತ್ತಿತು ಎಂಬ ಪ್ರಶ್ನೆಯಲ್ಲಿ ಗಡಿಯಲ್ಲಿ ಬದುಕುವ ನಮ್ಮಂಥವರಿಗೆ ತಿಳಿಯಬೇಕಾದ ವಿಷಯವಿದೆ.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ. ಸೈಕಲ್ ರಿಪೇರಿಯಿಂದ ಜೀವನ ಸುರುಮಾಡಿದ ವಿಲಿಯಂ ಮಾರಿಸ್ ಎಂಬವರು 1913ರಲ್ಲಿ ತಮ್ಮ ಮೊದಲ ಕಾರನ್ನು ಹೊರತಂದರು. ಊರಿನ ಹೆಸರನ್ನೇ ಕೊಟ್ಟು ಅದನ್ನು ಮಾರಿಸ್ ಆಕ್ಸ್‌ಫರ್ಡ್ ಎಂದು ಕರೆದರು. ಪಕ್ಕದ ಕೌಲಿಯಲ್ಲಿ ಅವರ ಕಾರ್ಖಾನೆ ಬೆಳೆಯಿತು, ಅವರು ಮುಂದೆ ಲಾರ್ಡ್ ನಫೀಲ್ಡ್ ಆದರು. 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಸಂಸ್ಥೆಗಳು ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ ಆಯಿತು. ಆಕ್ಸ್‌ಫರ್ಡ್ ಎಂಬ ಹೆಸರಿನ ಕಾರುಗಳು ಕಾಲಕಾಲಕ್ಕೆ ರೂಪ ಬದಲಿಸುತ್ತ ಬಂದವು. ಅವುಗಳಲ್ಲಿ ಮೂರನೆಯ ಸರಣಿಯ ಕಾರು ಇಂಗ್ಲೆಂಡಿನಲ್ಲಿ ತಯಾರಾದದ್ದು 1956ರಿಂದ 1959ರವರೆಗೆ ಮಾತ್ರ. ಅಲ್ಲಿ ಅದು ಮೂರು ವರ್ಷದ ಅತಿಥಿ. ಹೊಸ ಮಾದರಿ ಬಂತು, ಜನ ಹಳೆಯದನ್ನು ಮರೆತರು.

ನಮ್ಮಲ್ಲಿ ನಡೆದದ್ದು ಬೇರೆ. 1942ರಲ್ಲಿ ಬಿರ್ಲಾ ಮನೆತನದ ಬಿ.ಎಂ. ಬಿರ್ಲಾ ಅವರು ಹಿಂದೂಸ್ತಾನ್ ಮೋಟಾರ್ಸ್ ಸ್ಥಾಪಿಸಿದರು. ಗುಜರಾತಿನ ಓಖಾ ಬಂದರಿನಲ್ಲಿ ಜೋಡಣೆಯ ಕೆಲಸ ಸುರುವಾಗಿ, 1948ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಉತ್ತರಪಾರಕ್ಕೆ ಕಾರ್ಖಾನೆ ಬಂತು. ಅಲ್ಲಿಯ ರೈಲು ನಿಲ್ದಾಣಕ್ಕೇ ಹಿಂದ್ ಮೋಟಾರ್ ಎಂದು ಹೆಸರು. ಮೊದಲು ಮಾರಿಸ್ ಕಾರುಗಳ ಆಧಾರದಲ್ಲಿ ಹಿಂದೂಸ್ತಾನ್ 10, ಹಿಂದೂಸ್ತಾನ್ 14 ಬಂದವು. ಆಮೇಲೆ ಲ್ಯಾಂಡ್‌ಮಾಸ್ಟರ್. ಕೊನೆಗೆ 1957ರಲ್ಲಿ ಆಕ್ಸ್‌ಫರ್ಡಿನ ಮೂರನೆಯ ಸರಣಿಯ ಮೈಗೆ ಅಂಬಾಸಿಡರ್ ಎಂಬ ಹೆಸರಿಟ್ಟು ಬೀದಿಗೆ ಇಳಿಸಿದರು. ಕೆಲವೇ ವರ್ಷಗಳಲ್ಲಿ 1489 ಸಿ.ಸಿ.ಯ, ಮೇಲ್ಭಾಗದಲ್ಲಿ ವಾಲ್ವುಗಳಿರುವ ಎಂಜಿನ್ ಅದಕ್ಕೆ ಕೂಡಿಕೊಂಡಿತು. ಅದೇ ಎಂಜಿನ್, ಅದೇ ಗುಮ್ಮಟದಂಥ ಮೈ, ಸ್ಟಿಯರಿಂಗಿನ ಪಕ್ಕದಲ್ಲಿ ಗೇರ್ ಕೋಲು. ಮುಂದೆ ತಿರುಚುವ ಸರಳುಗಳ ಸ್ಪ್ರಿಂಗ್, ಹಿಂದೆ ಪಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿದ ಸ್ಪ್ರಿಂಗ್.

ಇದಕ್ಕೆ ಜತೆಯಾಗಿ ಇನ್ನೆರಡು ಕಾರುಗಳಿದ್ದವು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸಿನ ಫಿಯಟ್ ಒಂದು, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇನ್ನೊಂದು. 1953ರ ಸುಂಕ ಆಯೋಗದ ವರದಿಯ ಬಳಿಕ, ಬರೇ ಬಿಡಿಭಾಗ ತಂದು ಜೋಡಿಸುವವರಿಗೆ ಇಲ್ಲಿ ಸ್ಥಳವಿಲ್ಲ, ಇಲ್ಲಿಯೇ ಭಾಗಗಳನ್ನು ತಯಾರಿಸುವವರು ಮಾತ್ರ ಉಳಿಯಬಹುದು ಎಂಬ ನೀತಿ ಬಂತು. 1928ರಿಂದ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್, ಅದರ ಜತೆಗೆ ಫೋರ್ಡ್ ಕೂಡ ಗಂಟುಮೂಟೆ ಕಟ್ಟಿದವು. ಉಳಿದ ಮೂರರಲ್ಲಿ ಎಷ್ಟು ಕಾರು ಮಾಡಬೇಕೆಂದು ಹೇಳುವುದು ಸರಕಾರದ ಲೈಸೆನ್ಸು, ಯಾರಿಗೆ ಹೇಗೆ ಹಂಚಬೇಕೆಂದು ಹೇಳುವುದು 1959ರ ಮೋಟಾರು ಕಾರು ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶ. ಬೆಲೆಯ ಜಗಳ 1971ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಯಿತು.

ಬ್ಯಾಂಕಿನ ಗುಮಾಸ್ತನಾದ ನನಗೆ ಆ ಕಾಲದ ವ್ಯವಹಾರ ಈಗ ಸೋಜಿಗವಾಗಿ ಕಾಣುತ್ತದೆ. ಇಂದು ಕಾರು ಅಂಗಡಿಯಲ್ಲಿ ಸಿದ್ಧವಾಗಿರುತ್ತದೆ, ಸಾಲಕ್ಕಾಗಿ ಜನ ನಮ್ಮ ಮೇಜಿನ ಮುಂದೆ ಕೂರುತ್ತಾರೆ. ಅಂದು ಹಣ ಸಿದ್ಧವಿದ್ದರೂ ಕಾರು ಇರಲಿಲ್ಲ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ಹೊಸದಕ್ಕಿಂತ ಓಡಿದ ಕಾರಿಗೇ ಹೆಚ್ಚು ಬೆಲೆ ಸಿಗುವ ವಿಚಿತ್ರ ವ್ಯಾಪಾರವೂ ನಡೆಯುತ್ತಿತ್ತು. ಕಾರು ಮನೆಗೆ ಬಂದರೆ ಅದು ಮದುವೆಯ ದಿಬ್ಬಣಕ್ಕೆ, ಬಾಣಂತಿಗೆ, ಹಾವು ಕಚ್ಚಿದವರಿಗೆ, ನೆಂಟರಿಗೆ, ನೆರೆಯವರಿಗೆ ಎಲ್ಲರಿಗೂ ಸೇರಿದ್ದು. ಐದು ಜನಕ್ಕೆಂದು ಮಾಡಿದ ಕಾರಿನಲ್ಲಿ ಹತ್ತು ಜನ ಕೂತು ಕಟೀಲಿಗೆ ಹೋಗಿ ಬಂದ ಮನೆಗಳು ನಮ್ಮ ಸೀಮೆಯಲ್ಲಿ ಎಷ್ಟಿಲ್ಲ!

ನಮ್ಮ ಅಜ್ಜ ಕೊಂಡದ್ದು 1968ರ ಮಾರ್ಕ್ 2 ಮಾದರಿ. ಮುಂದಿನ ಜಾಲರಿಯಲ್ಲಿ ಸಣ್ಣ ಸಣ್ಣ ಚೌಕಗಳಿರುವುದು ಆ ಮಾದರಿಯ ಗುರುತು. ಅದರ ನಂಬರ್ ಫಲಕದ ಮೇಲೆ ಇಂದಿಗೂ ಕೆ.ಎಲ್.ಸಿ. ಎಂಬ ಮೂರು ಅಕ್ಷರಗಳಿವೆ. ಆ ಅಕ್ಷರಗಳೇ ಒಂದು ಚರಿತ್ರೆ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಇಲ್ಲಿಯ ವಾಹನಗಳಿಗೆ ಮದರಾಸು ರಾಜ್ಯದ ಸಂಖ್ಯೆ. ರಾಜ್ಯ ಪುನರ್ವಿಂಗಡಣೆಯ ದಿನ ನಾವು ಕೇರಳಕ್ಕೆ ಸೇರಿದೆವು, 1957ರ ಜನವರಿಯಲ್ಲಿ ರೂಪುಗೊಂಡ ಕಣ್ಣೂರು ಜಿಲ್ಲೆಯ ಭಾಗವಾದೆವು. ಕೆ.ಎಲ್.ಸಿ.ಯ ಕೊನೆಯ ಅಕ್ಷರ ಅಂದಿನ ಕ್ಯಾನನೂರಿನದು. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. 1989ರಲ್ಲಿ ದೇಶಕ್ಕೆಲ್ಲ ಹೊಸ ಕ್ರಮ ಬಂದ ಮೇಲೆ ನಮ್ಮದು ಕೆ.ಎಲ್. 14, ಮಂಗಳೂರಿನದು ಕೆ.ಎ. 19.

ಫಲಕ ಒಂದು ಊರನ್ನು ಹೇಳುತ್ತಿತ್ತು, ಗಾಲಿ ಇನ್ನೊಂದು ಊರಿಗೆ ಓಡುತ್ತಿತ್ತು. ಆಸ್ಪತ್ರೆಗೆ ಮಂಗಳೂರು, ಜವುಳಿಗೆ ಮಂಗಳೂರು, ಅಡಿಕೆ ಮಾರುವುದಕ್ಕೂ ಮಂಗಳೂರು; ಹೆಣ್ಣು ಕೊಟ್ಟದ್ದು ಪುತ್ತೂರಿಗೆ, ತಂದದ್ದು ಸುಳ್ಯದಿಂದ. ತಲಪಾಡಿಯ ಗೇಟು ನಮಗೆ ಗಡಿ ಎಂದು ಅನಿಸಿದ್ದೇ ಕಡಿಮೆ. ಅನಿಸಿದ್ದು 2020ರ ಮಾರ್ಚಿನ ಕೊನೆಯಲ್ಲಿ, ಕೋವಿಡ್ ಲಾಕ್‌ಡೌನಿನ ವೇಳೆಗೆ. ಗಡಿಯ ರಸ್ತೆಗಳಿಗೆ ಕರ್ನಾಟಕದ ಕಡೆಯಿಂದ ಮಣ್ಣು ಸುರಿದು ಮುಚ್ಚಿದಾಗ ರೋಗಿಗಳಿದ್ದ ವಾಹನಗಳೂ ನಿಲ್ಲಬೇಕಾಯಿತು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಒಳಗೆ ಕೂತವನ ಮನೆಮಾತು ಯಾವುದೆಂದು ಫಲಕ ಹೇಳುವುದಿಲ್ಲ ಎಂಬುದು ಆ ದಿನಗಳಲ್ಲಿ ನಮಗೆಲ್ಲ ಚೆನ್ನಾಗಿ ತಿಳಿಯಿತು.

ಇನ್ನು ಕೊಟ್ಟಿಗೆಯ ಕೆಲಸಕ್ಕೆ ಬರೋಣ. 1998ರಲ್ಲಿ ಅಪ್ಪ ಹೊಸ ಸಣ್ಣ ಕಾರು ಕೊಂಡ ಮೇಲೆ ಅಂಬಾಸಿಡರ್ ಹಟ್ಟಿಯ ಪಕ್ಕದ ಮಾಡಿನಡಿ ನಿಂತಿತು. ಅದರ ಮೇಲೆ ಅಡಿಕೆಯ ಗೋಣಿಗಳು ಬಂದವು, ಒಳಗೆ ಇಲಿಗಳು ಸಂಸಾರ ಹೂಡಿದವು. 2021ರ ಡಿಸೆಂಬರಿನಲ್ಲಿ ನಾನು ಮತ್ತು ಭಾವ ಅದನ್ನು ಹೊರಗೆ ದೂಡಿದೆವು. ಭಾವನಿಗೆ ತೋಟದ ಪಂಪ್‌ಸೆಟ್ಟು ಬಿಚ್ಚಿ ಜೋಡಿಸಿದ ಅನುಭವವಿದೆ, ನನಗೆ ಲೆಕ್ಕ ಬರೆದಿಡುವ ಅಭ್ಯಾಸವಿದೆ. ಮೂರನೆಯವರು ಪೇಟೆಯ ಹಳೆಯ ಮೇಸ್ತ್ರಿ. ಅವರ ಮನೆಮಾತು ಮಲಯಾಳಂ, ನಮ್ಮದು ಕನ್ನಡ. ಕಾರಿನ ಕೆಳಗೆ ಮಲಗಿದಾಗ ನಡುವೆ ತುಳುವೂ ಬರುತ್ತದೆ. ಏನು ಕೇಳಿದರೂ ಅವರದು ಮೊದಲು ಒಂದೇ ಉತ್ತರ: ‘ಶರಿಯಾಕ್ಕಾಂ.’ ಆಮೇಲೆ ವಿವರ.

ಚಳಿಗಾಲದಲ್ಲೇ ಈ ಕೆಲಸ ಯಾಕೆಂದರೆ, ನಮ್ಮ ಮಳೆಗಾಲದಲ್ಲಿ ಬಣ್ಣ ಕೆರೆದ ತಗಡು ಒಂದು ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ಧನು, ಮಕರ ತಿಂಗಳುಗಳ ಒಣ ಬಿಸಿಲೇ ತುಕ್ಕು ಕೆರೆಯುವುದಕ್ಕೂ ಬಣ್ಣ ಕೊಡುವುದಕ್ಕೂ ಒಳ್ಳೆಯದು. ಅಂಗಳದ ಒಂದು ಬದಿಗೆ ಅಡಿಕೆ, ಇನ್ನೊಂದು ಬದಿಗೆ ಕಾರಿನ ಬಾಗಿಲುಗಳು. ಎರಡನ್ನೂ ಸಂಜೆ ಇಬ್ಬನಿ ಬೀಳುವ ಮೊದಲು ಒಳಗೆ ಸೇರಿಸಬೇಕು. ಈ ಕಾರಿಗೆ ಲಾರಿಯಂತೆ ಬೇರೆ ಚಾಸಿಸ್ ಇಲ್ಲ, ಮೈಯೇ ಅದರ ಬೆನ್ನೆಲುಬು. ಹಾಗಾಗಿ ತಳದ ತಗಡು ತಿಂದುಹೋದರೆ ಚಂದ ಕೆಡುವುದು ಮಾತ್ರವಲ್ಲ, ಬಲವೂ ಹೋಗುತ್ತದೆ. ಮೊದಲ ಎರಡು ಚಳಿಗಾಲ ತಳಕ್ಕೂ ಬಾಗಿಲ ಕೆಳಗಿನ ತೊಲೆಗಳಿಗೂ ಹೊಸ ತಗಡು ಬೆಸೆಯುವುದರಲ್ಲೇ ಕಳೆಯಿತು.

ಎಂಜಿನಿನ ಸಂಗತಿ ಇನ್ನೂ ಸ್ವಾರಸ್ಯದ್ದು. ಇಪ್ಪತ್ತಮೂರು ವರ್ಷ ನಿಂತ ಪಿಸ್ಟನ್‌ಗಳು ಸಿಲಿಂಡರಿಗೆ ಅಂಟಿಕೊಂಡಿದ್ದವು. ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಂದ ಎಣ್ಣೆ ಬಿಟ್ಟು, ಎರಡು ವಾರ ಹಾಗೆಯೇ ಇಟ್ಟರು ಮೇಸ್ತ್ರಿ. ಆಮೇಲೆ ಹ್ಯಾಂಡಲ್ ಹಾಕಿ ಕಾಲಿಂಚಿನಷ್ಟು ಆಚೆ, ಕಾಲಿಂಚಿನಷ್ಟು ಈಚೆ. ಮೂರನೆಯ ಆದಿತ್ಯವಾರ ಅದು ಪೂರ್ತಿ ಒಂದು ಸುತ್ತು ತಿರುಗಿತು. ‘ನಿಂತ ಗಾಡಿಗೇ ಕೆಲಸ ಜಾಸ್ತಿ ಭಟ್ರೇ, ಓಡುವ ಗಾಡಿಗೆ ಅಲ್ಲ’ ಎಂದರು ಅವರು. ನನ್ನ ಖರ್ಚಿನ ಪುಸ್ತಕ ನೋಡಿದರೆ ಈ ಮಾತು ಅಕ್ಷರಶಃ ಸತ್ಯ. ಬ್ರೇಕಿನ ರಬ್ಬರು, ವಯರಿಂಗು, ಪೆಟ್ರೋಲ್ ಟ್ಯಾಂಕು ಯಾವುದೂ ಓಡಿ ಹಾಳಾದದ್ದಲ್ಲ, ನಿಂತು ಹಾಳಾದದ್ದು.

ಆ ಕಾಲದ ಕಾರುಗಳು ಚಳಿಗೆ ಯಾಕೆ ಮುನಿಯುತ್ತಿದ್ದವು ಎಂಬುದು ಕಾರ್ಬ್ಯುರೇಟರ್ ಬಿಚ್ಚಿದಾಗ ಅರ್ಥವಾಯಿತು. ಪೆಟ್ರೋಲು ದ್ರವವಾಗಿ ಉರಿಯುವುದಿಲ್ಲ, ಆವಿಯಾಗಿ ಗಾಳಿಯೊಂದಿಗೆ ಬೆರೆತರೆ ಮಾತ್ರ ಉರಿಯುತ್ತದೆ. ಎಂಜಿನ್ ತಣ್ಣಗಿದ್ದಾಗ ಬಹುಪಾಲು ಪೆಟ್ರೋಲು ಲೋಹದ ಗೋಡೆಗೆ ಹನಿಯಾಗಿ ಅಂಟುತ್ತದೆ, ಸಿಲಿಂಡರಿಗೆ ತಲುಪುವ ಮಿಶ್ರಣ ತೆಳುವಾಗುತ್ತದೆ. ಚೋಕ್ ಎಳೆಯುವುದೆಂದರೆ ಆ ಕೊರತೆ ತುಂಬಲು ಹೆಚ್ಚಿಗೆ ಪೆಟ್ರೋಲು ಬಿಡುವುದು. ನಮ್ಮ ಕಾರಿನದು ಎಸ್.ಯು. ಕಾರ್ಬ್ಯುರೇಟರ್. ಅದರಲ್ಲಿ ಗಾಳಿಯ ಸೆಳೆತಕ್ಕೆ ಮೇಲೇಳುವ ಒಂದು ಪಿಸ್ಟನ್, ಅದರ ತುದಿಗೆ ಒಂದು ಸೂಜಿ. ಸೂಜಿ ಎದ್ದಷ್ಟೂ ಪೆಟ್ರೋಲಿನ ತೂತು ತೆರೆಯುತ್ತದೆ. ಎಸ್.ಯು. ಎಂದರೆ ಸ್ಕಿನ್ನರ್ ಯೂನಿಯನ್. ಚಪ್ಪಲಿ, ಬೂಟಿನ ವ್ಯಾಪಾರಸ್ಥ ಮನೆತನದ ಸ್ಕಿನ್ನರ್ ಸಹೋದರರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಮಾಡಿದಾಗ ಪಿಸ್ಟನ್ನಿನ ಸ್ಥಳದಲ್ಲಿ ಇದ್ದದ್ದು ಚರ್ಮದ ತಿದಿ. ಕಮ್ಮಾರನ ತಿದಿ ಕಂಡವರಿಗೆ ಈ ಯಂತ್ರದ ಮರ್ಮ ತಿಳಿಯಲು ಎಂಜಿನಿಯರಿಂಗ್ ಕಾಲೇಜು ಬೇಡ.

ಇಬ್ಬನಿಯದು ಬೇರೆ ಉಪದ್ರ. ಪ್ಲಗ್ಗುಗಳಿಗೆ ಸರದಿಯಂತೆ, ಅಂದರೆ 1, 3, 4, 2 ಎಂಬ ಕ್ರಮದಲ್ಲಿ, ಸಾವಿರಾರು ವೋಲ್ಟಿನ ಕಿಡಿ ಹಂಚುವ ಮುಚ್ಚಳಕ್ಕೆ ತೇವ ತಗಲಿದರೆ ಕಿಡಿ ದಾರಿ ತಪ್ಪುತ್ತದೆ. ಡ್ರೈವರುಗಳು ಬಾನೆಟ್ ಎತ್ತಿ ಒಣಬಟ್ಟೆಯಿಂದ ಅದನ್ನು ಒರಸುತ್ತಿದ್ದುದು ಅದಕ್ಕಾಗಿ. ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವೆ ಇರಬೇಕಾದ ಸಂದು ಒಂದು ಇಂಚಿನ ಸಾವಿರದಲ್ಲಿ ಹದಿನೈದು ಪಾಲು. ಮೇಸ್ತ್ರಿ ಅದನ್ನು ಅಳತೆಪಟ್ಟಿಯಿಂದ ನೋಡಿದ್ದು ನಾನು ಕಾಣೆ. ಬೀಡಿ ಕಟ್ಟಿನ ಒಂದು ಕಾಗದ ಮಡಚಿ ತೂರಿಸಿ ನೋಡುತ್ತಾರೆ. ನಾನು ಅಳತೆಪಟ್ಟಿ ಹಾಕಿ ಪರೀಕ್ಷಿಸಿದೆ, ಸರಿಯಾಗಿತ್ತು.

ಅವರ ಬಾಯಿಯ ಪದಗಳೂ ನನ್ನನ್ನು ಯೋಚನೆಗೆ ಹಚ್ಚಿದವು. ಹೆಚ್ಚುವರಿ ಚಕ್ರಕ್ಕೆ ಕನ್ನಡಿಗರೂ ಮಲಯಾಳಿಗಳೂ ಒಂದೇ ಸಮನೆ ‘ಸ್ಟೆಪ್ನಿ’ ಎನ್ನುತ್ತೇವಲ್ಲ, ಅದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಲ್ಯಾನೆಲಿ ಎಂಬ ಊರಿನ ಬೀದಿಯ ಹೆಸರು. ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇಲ್ಲದಿದ್ದ ಕಾಲದಲ್ಲಿ, ನೂರ ಇಪ್ಪತ್ತು ವರ್ಷಗಳ ಹಿಂದೆ, ಅಂಥ ಚಕ್ರ ಮಾಡಿ ಮಾರಿದ ಸಂಸ್ಥೆ ಆ ಬೀದಿಯಲ್ಲಿತ್ತು. ಇಂದು ಇಂಗ್ಲೆಂಡಿನಲ್ಲಿ ಆ ಪದ ಹೇಳಿದರೆ ಯಾರಿಗೂ ತಿಳಿಯದು. ಬದಿಯಡ್ಕದ ಪಂಚರ್ ಅಂಗಡಿಯಲ್ಲಿ ಹೇಳಿದರೆ ತಕ್ಷಣ ತಿಳಿಯುತ್ತದೆ. ‘ಡಿಕ್ಕಿ’ಯದೂ ಇದೇ ಕಥೆ. ಹಳೆಯ ಗಾಡಿಗಳ ಹಿಂಬದಿಯಲ್ಲಿ ಮಡಚಿಡುತ್ತಿದ್ದ ಹೆಚ್ಚುವರಿ ಸೀಟಿನ ಹೆಸರು ಅದು. ಸೀಟು ಹೋಯಿತು, ಹೆಸರು ನಮ್ಮಲ್ಲಿ ಸಾಮಾನಿನ ಜಾಗಕ್ಕೆ ಉಳಿಯಿತು.

ನಡುನಾಡು ಬಿಟ್ಟ ಮಾತನ್ನು ಅಂಚಿನವರು ಉಳಿಸಿಕೊಳ್ಳುವುದು ಭಾಷೆಗಳ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಕುಂಬಳೆ, ಪುತ್ತೂರು ಸೀಮೆಯ ಹವ್ಯಕ ಮನೆಗಳಲ್ಲಿ ಇಂದಿಗೂ ‘ನಾನು’ ಎನ್ನುವುದಿಲ್ಲ, ‘ಆನು’ ಎನ್ನುತ್ತಾರೆ. ‘ನನಗೆ’ ಎನ್ನುವಲ್ಲಿ ‘ಎನಗೆ’. ಹಳಗನ್ನಡ ಕಾವ್ಯ ಓದುವ ಬೆಂಗಳೂರಿನ ವಿದ್ಯಾರ್ಥಿಗೆ ಟಿಪ್ಪಣಿ ಬೇಕಾದ ರೂಪಗಳು ನಮ್ಮ ಅಡುಗೆಮನೆಯಲ್ಲಿ ದಿನಕ್ಕೆ ನೂರು ಸಲ ಕೇಳಿಸುತ್ತವೆ. ಅವನ್ನು ಯಾರೂ ರಕ್ಷಿಸಬೇಕೆಂದು ರಕ್ಷಿಸಿದ್ದಲ್ಲ. ಹಾಲು ಕೇಳಲು, ಮಕ್ಕಳನ್ನು ಬೈಯಲು, ಲೆಕ್ಕ ಹೇಳಲು ಬೇಕಾಗಿತ್ತು, ಹಾಗಾಗಿ ಉಳಿದವು. ಅಂಬಾಸಿಡರ್ ಉಳಿದದ್ದೂ ಹಾಗೆಯೇ. ಅದರ ಬೋಲ್ಟು ಬಿಚ್ಚಲು ಬೇಕಾದ ಸಲಕರಣೆ ಹಳ್ಳಿಯ ಗ್ಯಾರೇಜಿನಲ್ಲೂ ಇತ್ತು, ಅದರ ಬಿಡಿಭಾಗ ಸಣ್ಣ ಪೇಟೆಯಲ್ಲೂ ಸಿಗುತ್ತಿತ್ತು, ಅದರ ಜ್ಞಾನ ಸಾವಿರಾರು ಕೈಗಳಲ್ಲಿ ಹಂಚಿಹೋಗಿತ್ತು.

ಹಾಗಾದರೆ ಅದು ಸತ್ತದ್ದು ಯಾಕೆ? ಇಲ್ಲಿ ಅಭಿಮಾನವನ್ನು ಸ್ವಲ್ಪ ಬದಿಗಿಟ್ಟು ಮಾತಾಡಬೇಕು. ಸ್ಪರ್ಧೆಯೇ ಇಲ್ಲದ ಕಾಲದಲ್ಲಿ ಉತ್ತರಪಾರದವರಿಗೆ ಕಾರನ್ನು ಸುಧಾರಿಸುವ ಅಗತ್ಯ ಬೀಳಲಿಲ್ಲ. 1963ರ ಮಾರ್ಕ್ 2, 1975ರ ಮಾರ್ಕ್ 3, 1979ರ ಮಾರ್ಕ್ 4 ಎಂದು ಹೆಸರು ಬದಲಾದಾಗ ಮುಖ್ಯವಾಗಿ ಬದಲಾದದ್ದು ಜಾಲರಿ, ದೀಪ, ಡ್ಯಾಶ್‌ಬೋರ್ಡು. ಸುಮಾರು 1980ರಲ್ಲಿ ಡೀಸೆಲ್ ಎಂಜಿನ್ ಬಂತು, ಟ್ಯಾಕ್ಸಿಯವರಿಗೆ ಅದು ವರದಾನವಾಯಿತು. ಆದರೆ 1983ರ ಡಿಸೆಂಬರ್ 14ರಂದು 47,500 ರೂಪಾಯಿಯ ಮಾರುತಿ 800 ಬಂತು. ಅದು ಚಳಿಯ ಬೆಳಗ್ಗೆ ಸುಲಭವಾಗಿ ಏಳುತ್ತಿತ್ತು, ಪೆಟ್ರೋಲೂ ಕಡಿಮೆ ಕುಡಿಯುತ್ತಿತ್ತು. 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 24,000 ಅಂಬಾಸಿಡರ್ ಮಾರಾಟವಾಗುತ್ತಿದ್ದವು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸು ಬೇಡವೆಂದಾಯಿತು. ಅದೇ ಹೊತ್ತಿಗೆ ಇಸುಜು ಕಂಪನಿಯ 1800 ಸಿ.ಸಿ. ಎಂಜಿನ್ನೂ ಐದು ಗೇರೂ ಇದಕ್ಕೆ ಬಂದವು. ಕಾರು ಚೆನ್ನಾಗಿಯೇ ಓಡಿತು, ಆದರೆ ತಡವಾಗಿತ್ತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಮಾಡಿದವರು ಒಳನುಗ್ಗಿದ್ದೂ ಬಿಳಿಯ ಅಂಬಾಸಿಡರಿನಲ್ಲೇ. ಸರಕಾರಿ ಕಾರೆಂದರೆ ಅದೇ ಎಂಬಷ್ಟು ಅದು ಪರಿಚಿತವಾಗಿತ್ತು. ಆ ಬಳಿಕ ಪ್ರಧಾನಿಗಳ ಸವಾರಿಯೂ ಅದನ್ನು ಬಿಟ್ಟು ಬೇರೆ ಕಾರಿಗೆ ಹೋಯಿತು.

2013–14ರಲ್ಲಿ ಮಾರಾಟವಾದ ಕಾರುಗಳು ಎರಡು ಸಾವಿರದ ಚಿಲ್ಲರೆ. 2014ರ ಮೇ 24ರಂದು ಉತ್ತರಪಾರದ ಕಾರ್ಖಾನೆ ಕೆಲಸ ನಿಲ್ಲಿಸಿತು. ನಮ್ಮ ಜಿಲ್ಲೆಗೆ ಅಂದೇ ಸರಿಯಾಗಿ ಮೂವತ್ತು ವರ್ಷ ತುಂಬಿದ್ದು ಕಾಕತಾಳೀಯ. ಆದರೂ ಮರೆಯಲಾಗದ ದಿನಾಂಕ. 2017ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪನಿ 80 ಕೋಟಿ ರೂಪಾಯಿಗೆ ಕೊಂಡಿತು. ಅತ್ತ ಮುಂಬಯಿಯಲ್ಲಿ, 1974ರಲ್ಲಿ ಪದ್ಮಿನಿ ಎಂದು ಹೆಸರು ಪಡೆದ ಫಿಯಟ್ ಕಾರಿನ ಕೊನೆಯ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು.

ಈಗ ನಮ್ಮ ಕಾರಿನ ಮುಂದಿರುವ ಪ್ರಶ್ನೆ ಹೇಳುತ್ತೇನೆ. 2021ರ ಜುಲಾಯಿಯಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿದ ಖಾಸಗಿ ವಾಹನಗಳಿಗೆ ‘ವಿಂಟೇಜ್’ ಎಂಬ ನೋಂದಣಿಯ ನಿಯಮ ತಂದಿತು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಅವಧಿ ಹತ್ತು ವರ್ಷ. ಈಗಾಗಲೇ ಸಂಖ್ಯೆ ಇರುವ ಕಾರುಗಳು ಹಳೆಯ ಸಂಖ್ಯೆಯನ್ನೇ ಇಟ್ಟುಕೊಳ್ಳಬಹುದು. ಗೌರವದ ವ್ಯವಸ್ಥೆ, ಸಂಶಯವಿಲ್ಲ. ಆದರೆ ಅದಕ್ಕೊಂದು ಕಟ್ಟು ಇದೆ. ಅಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ಸಂಶೋಧನೆಗೆ, ಪೆಟ್ರೋಲು ಹಾಕಿಸುವುದಕ್ಕೆ, ರಿಪೇರಿಗೆ ಮಾತ್ರ ರಸ್ತೆಗೆ ಇಳಿಸಬಹುದು. ಇನ್ನೊಂದು ದಾರಿ ಎಂದರೆ ಸಾಮಾನ್ಯ ಕಾರಾಗಿಯೇ ಉಳಿಸಿಕೊಂಡು ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಿ ನೋಂದಣಿ ನವೀಕರಿಸುವುದು. ಹದಿನೈದು ವರ್ಷ ಮೀರಿದ ಕಾರಿಗೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಲ್ಲಿ 5,000 ಆಯಿತು. 2025ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ಮೀರಿದ್ದಕ್ಕೆ 10,000 ಎಂದಾಯಿತು.

ಮನೆಯಲ್ಲಿ ಚರ್ಚೆ ನಡೆದೇ ಇದೆ. ವಿಂಟೇಜ್ ಮಾಡಿ ಚಂದಕ್ಕೆ ಇಡೋಣ ಎನ್ನುವವರಿದ್ದಾರೆ. ‘ಇದನ್ನು ಇಟ್ಟುಕೊಂಡು ಏನು ಮಾಡುವುದು ಅಪ್ಪ, ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ’ ಎನ್ನುವ ಮಗನೂ ಇದ್ದಾನೆ. ಅವನ ಮಾತೂ ತೆಗೆದುಹಾಕುವಂಥದ್ದಲ್ಲ. ನಾನೂ ಭಾವನೂ ಎರಡನೆಯ ದಾರಿಯ ಕಡೆಗಿದ್ದೇವೆ. ಪೂರ್ತಿ ಮೂಲರೂಪ ಎಂಬುದು ಅಂಬಾಸಿಡರಿಗೆ ಎಂದೂ ಇರಲಿಲ್ಲ. ಅದು ಇಂಗ್ಲೆಂಡಿನ ಮೈ, ಬಂಗಾಳದ ಉಕ್ಕು, ಕಾಸರಗೋಡಿನ ಬೆಸುಗೆ. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಿದೆ. ವಾಲ್ವುಗಳ ಪೀಠಕ್ಕೆ ರಕ್ಷಣೆ ಕೊಡುತ್ತಿದ್ದುದು ಆ ಸೀಸ. 2025ಕ್ಕೆ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಬಂದಿದೆ. ಹಳೆಯ ರಬ್ಬರು ಕೊಳವೆಗಳಿಗೆ ಅದು ಆಗದು, ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಗಟ್ಟಿಯಾದ ವಾಲ್ವ್ ಪೀಠಗಳನ್ನೂ ಹೊಸ ಜಾತಿಯ ಕೊಳವೆಗಳನ್ನೂ ಹಾಕಿದೆವು. ಕಾಲಕ್ಕೆ ತಕ್ಕ ಈ ಬದಲಾವಣೆಗೆ ಒಪ್ಪದಿದ್ದರೆ ಕಾರು ಮೂಲರೂಪದಲ್ಲಿ ಇದ್ದೀತು, ಓಡಲಾರದು.

ಗಡಿನಾಡಿನ ನಮ್ಮ ಭಾಷೆಯ ಮುಂದೆಯೂ ಇದೇ ಎರಡು ದಾರಿಗಳಿವೆ ಎಂದು ನನಗನಿಸುತ್ತದೆ. ನವೆಂಬರ್ 1ರಂದು ಹೊರತೆಗೆದು, ಹೂವು ಹಾಕಿ, ಭಾಷಣ ಮಾಡಿ, ಮತ್ತೆ ಮಾಡಿನಡಿ ಇಡುವುದು ಒಂದು ದಾರಿ. ಅದು ವಿಂಟೇಜ್ ನೋಂದಣಿ. ಪೇಟೆಗೆ, ಬ್ಯಾಂಕಿಗೆ, ಪಂಚಾಯತಿಗೆ, ಮಕ್ಕಳ ಫೋನಿಗೆ ದಿನವೂ ಓಡಿಸುವುದು ಇನ್ನೊಂದು. ಓಡಿಸುವಾಗ ಗೀರು ಬೀಳುತ್ತದೆ, ಬೇರೆ ಭಾಷೆಯ ಬಿಡಿಭಾಗ ಸೇರುತ್ತದೆ, ಹಿರಿಯರಿಗೆ ಕೆಲವು ಸದ್ದು ಹಿಡಿಸುವುದಿಲ್ಲ. ನಮ್ಮ ಬ್ಯಾಂಕಿನಲ್ಲಿ ಹಿರಿಯರೊಬ್ಬರು ಚಲನ್ನನ್ನು ಕನ್ನಡದಲ್ಲಿ ತುಂಬಿಸಿ ತಂದರೆ ಅದನ್ನು ಓದುವವನು ಒಬ್ಬನಾದರೂ ಕೌಂಟರಿನಲ್ಲಿ ಇರಬೇಕು. ಅವರು ತುಂಬಿಸುವುದನ್ನು ಬಿಟ್ಟರೆ ಆ ಒಬ್ಬನ ಅಗತ್ಯವೂ ಮುಗಿಯಿತು. ರಕ್ಷಣೆಯ ಗೋಡೆಯೊಳಗೆ ಸುಖವಾಗಿ ಕೂತ ಉತ್ತರಪಾರದ ಕಾರ್ಖಾನೆಗೆ ಆದದ್ದನ್ನೂ ನಾವು ನೆನಪಿಡಬೇಕು. ಹಕ್ಕು ಬೇಕು, ಅದರ ಜತೆಗೆ ಹೊಸ ತಲೆಮಾರಿಗೆ ಬೇಕೆನಿಸುವ ಪುಸ್ತಕ, ಪಾಠ, ಆಟ, ಕೆಲಸ ಕೂಡ ಆ ಭಾಷೆಯಲ್ಲಿ ಇರಬೇಕು.

ಅವಸರದ ಕೆಲಸ ಒಂದಿದೆ. ಮೇಸ್ತ್ರಿಗೆ ಈಗ ಎಪ್ಪತ್ತು ಸಮೀಪಿಸಿದೆ. ಮಕ್ಕಳು ಗಲ್ಫಿನಲ್ಲಿದ್ದಾರೆ, ಗ್ಯಾರೇಜಿನಲ್ಲಿ ಕಲಿಯುವ ಹುಡುಗರಿಲ್ಲ. ಹೊಸ ಕಾರಿನ ದೋಷವನ್ನು ಕಂಪ್ಯೂಟರು ಹೇಳುತ್ತದೆ, ಕಿವಿಗೊಟ್ಟು ಕೇಳುವ ವಿದ್ಯೆ ಯಾರಿಗೂ ಬೇಡವಾಗಿದೆ. ಅವರು ಒಂದೊಂದು ಭಾಗ ಬಿಚ್ಚುವಾಗ ಹೇಳುವುದನ್ನು ನಾನು ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅವರ ಮಲಯಾಳಂ ಪದ, ನಮ್ಮ ಕನ್ನಡ ಪದ, ಎರಡರ ಪಕ್ಕದಲ್ಲಿ ಕಾರ್ಖಾನೆಯ ಹೆಸರು. ಓದುಗರ ಮನೆಗಳಲ್ಲೂ ಇಂಥ ಏನಾದರೊಂದು ಇದ್ದೇ ಇರುತ್ತದೆ. ಕಾರೇ ಆಗಬೇಕೆಂದಿಲ್ಲ. ಎಣ್ಣೆಯ ಗಾಣವಾಗಲಿ, ಹೊಲಿಗೆ ಯಂತ್ರವಾಗಲಿ, ರೇಡಿಯೋ ಆಗಲಿ. ಈ ಚಳಿಗಾಲದ ಒಣ ದಿನಗಳಲ್ಲಿ ಅದನ್ನು ಹೊರಗೆ ತೆಗೆಯಿರಿ, ಬಿಚ್ಚಿ ನೋಡಿರಿ, ಪ್ರತಿ ಭಾಗದ ಹೆಸರನ್ನು ತಿಳಿದವರಿಂದ ಕೇಳಿ ಬರೆದಿಡಿರಿ, ಮಕ್ಕಳ ಕೈಗೂ ಒಂದು ಸ್ಪ್ಯಾನರ್ ಕೊಡಿರಿ. ತಿಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿದರೆ ಹೇಳುತ್ತಾರೆ.